ಉದುರದ ಕೊಂಬು

ಕೋಸ್ಕಿ ರಸ್ತೆ
೨೯ ಜನವರಿ ೧೯೭೮, ಭಾನುವಾರ

ಅಣ್ಣ ರೇನೊಗೆ,

ಕ್ರಿಸ್‌ಮಸ್ಸಿಗೆ ಜೈಲಿಗೆ ಬಂದು ನಿನ್ನನ್ನು ನೋಡಿ ಹೋದ ಮೇಲೆ ಇದೇ ಮೊದಲ ಕಾಗದ. ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಅಲ್ಲಿ ನಿನಗೆ ಹೊತ್ತು ಹೋಗುವುದಿಲ್ಲ, ಇಲ್ಲಿ ನನಗೆ ಹೊತ್ತು ಸಾಲುವುದಿಲ್ಲ. ಬೆಳಗ್ಗೆ ಶಾಲೆಯ ಅಡುಗೆಮನೆ, ಮಧ್ಯಾಹ್ನ ಬಾಗಿಲ ಮುಂದಿನ ಹಿಮ ಎತ್ತುವುದು, ಆಮೇಲೆ ಜಿಂಕೆಗಳು ಉದುರಿಸಿದ ಕೊಂಬು ಹುಡುಕುವ ನಿನ್ನ ಕೆಲಸ. ಸುಪೀರಿಯರ್ ಸರೋವರದ ಗಾಳಿ ಈ ವರ್ಷ ನಮ್ಮ ಮೇಲೆ ಹಗೆ ಸಾಧಿಸುತ್ತಿದೆ.

ಎಷ್ಟು ಸಿಕ್ಕಿತು ಅಂತ ತಾನೇ ಮೊದಲು ಕೇಳುವುದು? ಮೂರು. ಅದರಲ್ಲೂ ಒಂದನ್ನು ಮುಳ್ಳುಹಂದಿ ಅರ್ಧ ಕಡಿದು ಹಾಕಿದೆ. ನೀನು ಹೇಳಿದ ಹಾಗೆಯೇ ಬಿಸಿಲು ಬೀಳುವ ದಿಬ್ಬಗಳನ್ನೆಲ್ಲ ಸುತ್ತಿದೆ. ಜಿಂಕೆ ಬೇಲಿ ಹಾರಿ ಇಳಿಯುವ ಜಾಗಗಳಲ್ಲಿ ಹಿಮ ಕೆದಕಿದೆ. ನಮ್ಮ ನಾಯಿ ಮುಸ್ತಿಗೆ ಹುಡುಕಲು ಕಲಿಸೋಣವೆಂದು ಹಳೆಯ ಕೊಂಬಿಗೆ ಮಾಂಸದ ಸಾರು ಸವರಿ ಅಂಗಳದಲ್ಲಿ ಬಚ್ಚಿಟ್ಟೆ. ಅದು ಕಲಿತದ್ದು ಸಾರು ನೆಕ್ಕುವುದನ್ನು ಮಾತ್ರ. ಈಗ ನಾನು ಪಾತ್ರೆ ತೊಳೆಯಲು ಕೂತರೂ ಕೊಂಬೇ ಸಿಕ್ಕಿತೇನೋ ಎಂದು ಓಡಿ ಬರುತ್ತದೆ.

ಚಾಕು ಮಾಡುವ ಗುನ್ನಾರನ ಅಂಗಡಿಗೂ ಹೋಗಿದ್ದೆ. "ನಿಮ್ಮಣ್ಣನ ಕೈಯಲ್ಲಿ ಕಸುಬಿದೆ ಲೆಂಪಿ, ಇಲ್ಲ ಅನ್ನಲ್ಲ. ಆದ್ರೆ ಹಿಡಿ ಮಾಡೋಕೆ ನನ್ನ ಹತ್ರ ಕೊಂಬೇ ಇಲ್ವಲ್ಲ? ಒಂದು ಮೂಟೆ ತಂದು ಹಾಕು, ಅವತ್ತೇ ಕೆಲಸ ಕೊಡ್ತೀನಿ ಅಂತ ಬರೆದು ಸಹಿ ಮಾಡ್ತೀನಿ" ಅಂದ. ಕೆಲಸದ ಕಾಗದವಿಲ್ಲದೆ ಹೋದರೆ ಬಿಡುಗಡೆ ಮಂಡಳಿಯವರು ನಿನ್ನ ಮುಖವನ್ನೂ ನೋಡುವುದಿಲ್ಲ, ಇನ್ನೆರಡು ವರ್ಷ ಅಲ್ಲೇ ಕೊಳೆಯಬೇಕು. ನನಗದು ಗೊತ್ತು. ಹುಡುಕುತ್ತಿದ್ದೇನೆ.

ಅಂಚೆ ಕಚೇರಿಯಲ್ಲಿ ಕಳ್ಳಬೇಟೆ ಹಿಡಿಯುವ ಗಾರ್ಡ್ ಪೆಲ್ಕಿ ಸಿಕ್ಕಿದ್ದ. ನೀನು ಗುದ್ದಿ ಮುರಿದು ಜೈಲು ಸೇರಿದೆಯಲ್ಲ, ಆ ದವಡೆ ಚಳಿಗೆ ಇನ್ನೂ ನೋಯುತ್ತದಂತೆ. ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಮಾತಾಡಿದ. ನನಗೆ ತಲೆ ಎತ್ತಲಾಗಲಿಲ್ಲ.

ನಿನ್ನ ತಂಗಿ,
ಲೆಂಪಿ


೪ ಫೆಬ್ರವರಿ

ಲೆಂಪಿ,

ಮೂರೇ ಮೂರಾ? ನಾನಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಹಬೆಸ್ನಾನದ ಸೌನಾ ಕೋಣೆಯಲ್ಲಿ ಕೂರಲು ಜಾಗವಿರುತ್ತಿರಲಿಲ್ಲ, ಅಷ್ಟು ಕೊಂಬು ಪೇರಿಸಿರುತ್ತಿದ್ದೆ. ಸಿಟ್ಟಾಗಬೇಡ ಕಣೇ. ಇಲ್ಲಿ ಕೂತು ಬೊಗಳುವುದು ಬಿಟ್ಟರೆ ನನಗೆ ಬೇರೆ ಕೆಲಸವಿಲ್ಲ.

ನಡೆದು ಹುಡುಕುವುದನ್ನು ಬಿಡು. ಈ ಹಿಮದಲ್ಲಿ ಅದು ಆಗದ ಮಾತು. ಕೊಂಬು ತಾನಾಗಿಯೇ ನಿನ್ನ ಹತ್ತಿರ ಬರಬೇಕು. ಹೇಗೆ ಅಂತ ಹೇಳುತ್ತೇನೆ, ಗಮನವಿಟ್ಟು ಓದು. ಇಲ್ಲಿಯವರು ಕಾಗದವನ್ನು ಬಿಚ್ಚಿ ಕೊಡವುತ್ತಾರೆ ಅಷ್ಟೆ, ಓದುವ ಪುರುಸೊತ್ತು ಯಾರಿಗೂ ಇಲ್ಲ.

ನಮ್ಮ ಹಿಂದಿನ ಜೌಗಿನಲ್ಲಿ ಸೀಡರ್ ಮರಗಳ ಗುಂಪಿದೆಯಲ್ಲ, ಚಳಿಗಾಲಕ್ಕೆ ಜಿಂಕೆಗಳು ಒತ್ತಾಗಿ ಬಂದು ನಿಲ್ಲುವ ಜಾಗ, ಅಲ್ಲಿ ಒಂದು ಮಾರು ಅಂತರದಲ್ಲಿರುವ ಎರಡು ಮರ ಆರಿಸಿಕೋ. ಹಳೆಯ ಕಾರಿನ ಟ್ಯೂಬನ್ನು ಎರಡು ಬೆರಳಗಲಕ್ಕೆ ಪಟ್ಟಿ ಪಟ್ಟಿಯಾಗಿ ಕತ್ತರಿಸು. ಎರಡು ಮರದ ನಡುವೆ ಅಡ್ಡಡ್ಡ ಉದ್ದುದ್ದ ಕಟ್ಟಿ, ಮಂಚದ ಹೆಣಿಗೆಯ ಹಾಗೆ ಹೆಣೆ. ಜಿಂಕೆಯ ತಲೆ ತೂರುವಷ್ಟು ಸಂದು ಬಿಡು. ಹೆಣಿಗೆಯ ಆಚೆ ಬದಿಗೆ ಹಸಿ ಸೀಡರ್ ಕೊಂಬೆ ನೇತುಹಾಕು. ತಿನ್ನಲು ಅವು ತಲೆ ತೂರಿಸುತ್ತವೆ, ತಲೆ ಹಿಂದಕ್ಕೆಳೆಯುವಾಗ ಸಡಿಲವಾದ ಕೊಂಬು ರಬ್ಬರಿಗೆ ಸಿಕ್ಕಿ ಕಳಚಿ ಬೀಳುತ್ತದೆ. ಸಡಿಲವಾಗಿಲ್ಲದಿದ್ದರೆ ರಬ್ಬರು ಜಗ್ಗಿ ಬಿಟ್ಟುಕೊಡುತ್ತದೆ. ತಂತಿ ಮಾತ್ರ ಮುಟ್ಟಬೇಡ. ತಂತಿ ಜಗ್ಗುವುದಿಲ್ಲ, ಹಿಡಿದರೆ ಬಿಡುವುದಿಲ್ಲ.

ಜಿಂಕೆಗಳನ್ನು ಕರೆಯುವುದು ಹೇಗೆ ಅಂದೆಯಾ? ಮೋಟಾರು ಗರಗಸವನ್ನು ಸ್ವಲ್ಪ ಹೊತ್ತು ಓಡಿಸು, ಸಾಕು. ಮರ ಕಡಿಯುವ ಸದ್ದು ಕೇಳಿದರೆ ತಿನ್ನಲು ಕೊಂಬೆ ಬಿತ್ತು ಎಂದು ಅವಕ್ಕೆ ಗೊತ್ತು. ಓಡಿಹೋಗುವ ಬದಲು ಓಡಿಬರುತ್ತವೆ.

ಪೆಲ್ಕಿಗೆ ಇದರ ವಾಸನೆಯೂ ಹತ್ತಬಾರದು. ಮೇವು ಹಾಕಿ ಬಲೆ ಕಟ್ಟಿದರೆ ಅವನು ಬೇಟೆ ಎಂದೇ ಬರೆಯುತ್ತಾನೆ. ಕಂಬಿ ಹಿಂದೆ ಕೂತೇ ಬೇಟೆ ಆಡಿಸಿದ ಅಂದರೆ ನನ್ನ ಕಥೆ ಅಲ್ಲಿಗೆ ಮುಗಿಯಿತು. ಮಂಡಳಿಯ ವಿಚಾರಣೆ ಏಪ್ರಿಲ್ ಹನ್ನೊಂದಕ್ಕೆ.

ರೇನೊ


೧೫ ಫೆಬ್ರವರಿ

ಅಣ್ಣಾ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು! ಬಲೆ ಕಟ್ಟಿ ಇನ್ನೂ ವಾರವಾಗಿಲ್ಲ, ಆಗಲೇ ಆರು ಕೊಂಬು ಬಿದ್ದಿವೆ. ಎರಡಂತೂ ಒಂದೇ ಜಿಂಕೆಯ ಎಡ ಬಲ, ಪಕ್ಕಪಕ್ಕದಲ್ಲೇ ಬಿದ್ದಿದ್ದವು. ಮುಟ್ಟಿದರೆ ಬುಡದಲ್ಲಿ ರಕ್ತ ಇನ್ನೂ ಒದ್ದೆಯಿತ್ತು. ಮನೆಗೆ ತರುವವರೆಗೂ ಅಂಗಿಯೊಳಗೆ ಅವುಚಿಕೊಂಡು ನಡೆದೆ, ಯಾರಾದರೂ ನೋಡಿದ್ದರೆ ಲೆಂಪಿಗೆ ಹುಚ್ಚು ಹಿಡಿದಿದೆ ಅನ್ನುತ್ತಿದ್ದರು.

ಗರಗಸದ ಮಾತು ನಾನು ನಂಬಿರಲಿಲ್ಲ. ಪಕ್ಕದ ಮನೆಯ ಉರ್ಹೊನ ಗರಗಸ ಕೇಳಿ ತಂದೆ. "ಸೌದೆಗಾ?" ಅಂದ. "ಹೂಂ" ಅಂದೆ. ಅವನೂ ಹೂಂ ಅಂದ. ಮೂವತ್ತು ವರ್ಷದಿಂದ ಒಂಟಿಯಾಗಿರುವ ಗಂಡಸಿಗೆ ಅದಕ್ಕಿಂತ ಹೆಚ್ಚು ಮಾತು ಬರುವುದಿಲ್ಲ. ಗರಗಸ ಓಡಿಸಿ ತಿರುಗಿ ನೋಡಿದರೆ ಮರಗಳ ಸಂದಿಯಲ್ಲಿ ಸಾಲಾಗಿ ನಿಂತಿದ್ದವು, ಶಾಲೆಯ ಮಕ್ಕಳು ತಟ್ಟೆ ಹಿಡಿದು ನಿಲ್ಲುವ ಹಾಗೆ. ಪಕ್ಕೆಲುಬು ಎಣಿಸಬಹುದು, ಅಷ್ಟು ಬಡಕಲಾಗಿವೆ. ಕೊಂಬಿಗೆಂದು ಹೋದವಳು ಎರಡು ಹೊರೆ ಕೊಂಬೆ ಹೆಚ್ಚಾಗಿಯೇ ಕಡಿದು ಹಾಕಿ ಬಂದೆ.

ಬಲೆಯನ್ನು ಮನೆಯಲ್ಲಿದ್ದ ಸಾಮಾನಿನಲ್ಲೇ ಕಟ್ಟಿದ್ದೇನೆ. ಗಟ್ಟಿಯಾಗಿದೆ, ನೀನು ಚಿಂತೆ ಮಾಡಬೇಡ.

ಒಬ್ಬ ದೊಡ್ಡವನಿದ್ದಾನೆ. ಬೇರೆಯವೆಲ್ಲ ತಿಂದು ಹೋದ ಮೇಲೆ ಒಂಟಿಯಾಗಿ ಬರುತ್ತಾನೆ. ಅಂಥ ತೋರವಾದ ಕೊಂಬನ್ನು ನಾನು ಅಪ್ಪನ ಕಾಲದಲ್ಲೂ ಕಂಡಿಲ್ಲ. ಮಿಕ್ಕ ಗಂಡುಗಳ ತಲೆ ಬೋಳಾಗಿದೆ, ಇವನದು ಮಾತ್ರ ಅಲುಗಾಡಿಲ್ಲ.

ಲೆಂಪಿ


೨೦ ಫೆಬ್ರವರಿ

ನನ್ನ ಬಂಗಾರದ ತಂಗಿ,

ಆರು! ಬಲೆ ಗಟ್ಟಿಯಾಗಿದೆ ಅಂತ ಓದಿ ಹೊಟ್ಟೆ ತಣ್ಣಗಾಯಿತು. ಅಪ್ಪನ ಹಳೆಯ ಟ್ರಕ್ಕಿನ ಟ್ಯೂಬು ಕತ್ತರಿಸಿರಬೇಕು ನೀನು, ಅದು ಒಳ್ಳೆಯ ದಪ್ಪ ರಬ್ಬರು.

ಈಗ ಆ ದೊಡ್ಡವನ ವಿಚಾರ. ಅವನನ್ನು ಬಿಡಬೇಡ. ಅಂಥ ಒಂದು ಜೊತೆಯಲ್ಲಿ ಹತ್ತು ಚಾಕುವಿನ ಹಿಡಿ ಬರುತ್ತವೆ, ಗುನ್ನಾರ್ ಕಣ್ಣು ಮುಚ್ಚಿ ಸಹಿ ಮಾಡುತ್ತಾನೆ. ಅವನ ಕೊಂಬು ಬೀಳುವವರೆಗೆ ಬಲೆ ಬಿಚ್ಚಲೇಬೇಡ. ಇವತ್ತೋ ನಾಳೆಯೋ ಉದುರುತ್ತದೆ. ಮಾರ್ಚಿನ ಹೊತ್ತಿಗೆ ಯಾವ ಗಂಡಿನ ತಲೆಯ ಮೇಲೂ ಕೊಂಬು ನಿಲ್ಲುವುದಿಲ್ಲ. ದಿನಾ ಮೇವು ಹಾಕು, ಅವನಿಗೆ ಆ ಜಾಗ ರೂಢಿಯಾಗಲಿ.

ಅವನ ಕೊಂಬಿನ ಬಣ್ಣ ಯಾವುದು? ಕಂದೋ, ಬಿಳಿಯೋ? ಕಂದಾದರೆ ಹಿಡಿಗೆ ಚೆನ್ನ. ಹತ್ತಿರದಿಂದ ನೋಡಿ ಬರೆ. ಕೂತಲ್ಲಿ ಕೂರಲಾಗುತ್ತಿಲ್ಲ ನನಗೆ. ಏಪ್ರಿಲ್‌ನಲ್ಲಿ ಮನೆಯ ಸೌನಾದಲ್ಲಿ ಬೆನ್ನು ಬೇಯಿಸಿಕೊಳ್ಳುತ್ತೇನೆ ಎಂದು ಪಕ್ಕದ ಕೋಣೆಯವನಿಗೆ ಹೇಳಿ ಹೇಳಿ ಅವನು ನನ್ನನ್ನು ಕಂಡರೆ ಕಿವಿ ಮುಚ್ಚಿಕೊಳ್ಳುತ್ತಾನೆ.

ರೇನೊ


೨೮ ಫೆಬ್ರವರಿ

ಅಣ್ಣಾ,

ಬಣ್ಣ ಕೇಳಿದ್ದೆ. ಕಂದೂ ಅಲ್ಲ ಬಿಳಿಯೂ ಅಲ್ಲ, ಬೂದು. ಕೊಂಬಿನ ಮೈಯೆಲ್ಲ ತುಪ್ಪಳ ಬೆಳೆದ ಹಾಗಿದೆ, ಬಂಡೆಗೆ ಪಾಚಿ ಕಟ್ಟುತ್ತದಲ್ಲ ಹಾಗೆ. ಮೊದಲು ಮಂಜು ಕೂತಿರಬೇಕು ಅಂದುಕೊಂಡೆ. ಇವತ್ತು ಬಿಸಿಲಿತ್ತು, ಆಗಲೂ ಹಾಗೆಯೇ ಇತ್ತು. ತುದಿಗಳು ಚೂಪಾಗಿಲ್ಲ, ಮೊಂಡಾಗಿ ಗಂಟುಗಂಟಾಗಿವೆ. ಕತ್ತು ಸಣ್ಣ, ಮುಖ ಹೆಣ್ಣು ಜಿಂಕೆಯಂತೆ ಸಾಧು. ನನ್ನಿಂದ ಹತ್ತು ಹೆಜ್ಜೆಯಾಚೆ ನಿಂತು ಮೆಲುಕು ಹಾಕುತ್ತಾನೆ. ನಿನ್ನ ಹಿಡಿಗೆ ಇದು ಬರುತ್ತದೋ ಇಲ್ಲವೋ ನೀನೇ ಹೇಳು.

ಈಗ ಅವನೂ ಹೆಣಿಗೆಯೊಳಗೆ ತಲೆ ತೂರಿಸಲು ಕಲಿತಿದ್ದಾನೆ. ಕೊಂಬು ದೊಡ್ಡದಾದ್ದರಿಂದ ಕತ್ತು ಓರೆ ಮಾಡಿ ಬಹಳ ಉಪಾಯವಾಗಿ ಒಳಗೆ ಹಾಕಿ, ಹಾಗೆಯೇ ಉಪಾಯವಾಗಿ ಈಚೆ ತೆಗೆಯುತ್ತಾನೆ. ನೋಡಿದರೆ ನಗು ಬರುತ್ತದೆ.

ಬಲೆಯಿಂದಲೇ ಹನ್ನೊಂದು ಕೊಂಬಾದವು. ಗುನ್ನಾರ್ ಮೂಟೆ ಎತ್ತಿ ನೋಡಿ, "ಇನ್ನೊಂದು ಜೊತೆ ದೊಡ್ಡದು ತಂದುಬಿಡಮ್ಮ, ಆಮೇಲೆ ನಿನ್ನ ಕಾಟ ತಪ್ಪುತ್ತೆ" ಅಂದ.

ಲೆಂಪಿ


೪ ಮಾರ್ಚ್, ಶನಿವಾರ

ಲೆಂಪಿ,

ಈ ಕಾಗದ ಕೈಗೆ ಬಂದ ತಕ್ಷಣ ಬಲೆ ಬಿಚ್ಚು. ಓದಿ ಮುಗಿಸುವುದೂ ಬೇಡ, ಮೊದಲು ಹೋಗಿ ಬಿಚ್ಚಿ ಬಾ.

ಅದು ಬೀಜ ಹೋದ ಗಂಡು. ಬೇಲಿ ಹಾರುವಾಗಲೋ ಏನೋ ಪೆಟ್ಟಾಗಿ ಬೀಜ ಒಡೆದಿದೆ. ಅಂಥವಕ್ಕೆ ಕೊಂಬು ಎಂದೂ ಬಲಿಯುವುದಿಲ್ಲ, ಎಳೆಯದಾಗಿಯೇ ತುಪ್ಪಳ ಹೊದ್ದುಕೊಂಡು ಇರುತ್ತದೆ. ಬಲಿಯದ ಕೊಂಬು ಉದುರುವುದೂ ಇಲ್ಲ. ಈ ಮಾರ್ಚಿನಲ್ಲೂ ಇಲ್ಲ, ಮುಂದಿನ ಮಾರ್ಚಿನಲ್ಲೂ ಇಲ್ಲ. ಅದರೊಳಗೆ ರಕ್ತ ಹರಿಯುತ್ತಿರುತ್ತದೆ, ನಿನ್ನ ಬೆರಳಿನಲ್ಲಿ ಹರಿದ ಹಾಗೆ. ಸಿಕ್ಕಿಕೊಂಡರೆ ಕಳಚಿಕೊಂಡು ಹೋಗಲು ಅವನಿಗೆ ದಾರಿಯೇ ಇಲ್ಲ.

ರಬ್ಬರಾದ್ದರಿಂದ ಒದ್ದಾಡಿ ಬಿಡಿಸಿಕೊಳ್ಳಬಹುದು. ಅದೊಂದೇ ಸಮಾಧಾನ. ಆದರೂ ಬಿಚ್ಚು.

ಬಿಡಬೇಡ, ದಿನಾ ಮೇವು ಹಾಕು ಅಂದವನು ನಾನೇ. ಇವತ್ತು ಶನಿವಾರ, ಅಂಚೆ ಸೋಮವಾರವೇ ಹೊರಡುವುದು. ನನ್ನ ತಲೆ ಕೆಟ್ಟುಹೋಗಿದೆ.

ರೇನೊ


೬ ಮಾರ್ಚ್, ಸೋಮವಾರ, ಬೆಳಗ್ಗೆ

ಅಣ್ಣಾ,

ದೊಡ್ಡವನು ಸಿಕ್ಕಿಬಿದ್ದಿದ್ದಾನೆ. ಎರಡು ಕೊಂಬೂ ಒಳಗಿವೆ. ನಾನು ಹೋದಾಗ ಮೊಣಕಾಲೂರಿ ಕೂತಿದ್ದ, ನನ್ನನ್ನು ಕಂಡು ಎದ್ದು ಒದ್ದಾಡಿದ. ಒದ್ದಾಡಿದಷ್ಟೂ ಬಿಗಿಯುತ್ತಿದೆ. ಒಂದು ಕವಲಿನ ತುಪ್ಪಳ ಸುಲಿದು ರಕ್ತ ಕಣ್ಣಿಗೆ ಇಳಿಯುತ್ತಿದೆ. ಅವನು ಕೂಗಿದ ಅಣ್ಣಾ, ಜಿಂಕೆ ಕೂಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅದು ರಬ್ಬರಲ್ಲ. ನಾನು ಸುಳ್ಳು ಹೇಳಲಿಲ್ಲ, ಹೇಳದೆ ಬಿಟ್ಟೆ. ಅಪ್ಪನ ಟ್ರಕ್ಕಿನ ಟ್ಯೂಬು ಚಳಿಗೆ ಬಿಸ್ಕತ್ತಿನಂತೆ ಮುರಿಯಿತು. ಹುಲ್ಲಿನ ಹೊರೆ ಕಟ್ಟುವ ತಂತಿ ಕೊಟ್ಟಿಗೆಯಲ್ಲಿತ್ತು, ಅದರಲ್ಲೇ ಹೆಣೆದೆ. ಆರು ಕೊಂಬು ಬಿದ್ದಾಗ ತಂತಿಯಾದರೇನು, ನಡೆಯುತ್ತಿದೆಯಲ್ಲ ಅಂದುಕೊಂಡೆ. ಬೈಯುವುದಾದರೆ ಆಮೇಲೆ ಬೈ.

ಇಕ್ಕಳ ಹಿಡಿದು ಹತ್ತಿರ ಹೋದೆ. ತೊಡೆಗೆ ಒದ್ದ, ಹಿಮದಲ್ಲಿ ಬಿದ್ದೆ. ಒಬ್ಬಳ ಕೈಯಲ್ಲಿ ಆಗುವುದಿಲ್ಲ. ಉರ್ಹೊ ಮರ ಕಡಿಯಲು ಹೋಗಿದ್ದಾನೆ, ಬರುವುದು ಸಂಜೆಗೆ. ಪ್ರಾಣಿಗೆ ಮತ್ತು ಬರಿಸಿ ಮಲಗಿಸುವ ಕೋವಿ ಈ ಸೀಮೆಯಲ್ಲಿ ಇರುವುದು ಪೆಲ್ಕಿಯ ಹತ್ತಿರ ಮಾತ್ರ. ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ಬರುತ್ತಾನೆ. ಬಂದರೆ ಬಲೆ ನೋಡುತ್ತಾನೆ. ನಿಮ್ಮಣ್ಣನ ಬುದ್ಧಿಯಲ್ಲವಾ ಇದು ಅಂತ ಕೇಳಿದರೆ ನಾನು ಏನು ಹೇಳಲಿ?

ಗುಂಡು ಹಾಕಿಬಿಡೋಣ ಅಂದರೆ ಅಪ್ಪನ ಕೋವಿ ಗೋಡೆಯ ಮೇಲಿದೆ. ಬೇಟೆಗೆ ಅನುಮತಿಯಿಲ್ಲದ ಈ ತಿಂಗಳಲ್ಲಿ ಗುಂಡಿನ ಸದ್ದಾದರೆ ಪೆಲ್ಕಿಗೆ ಯಾರೂ ಫೋನ್ ಮಾಡಬೇಕಾಗಿಲ್ಲ. ಎರಡು ಸಲ ಫೋನಿನ ತನಕ ಹೋಗಿ ವಾಪಸು ಬಂದೆ. ಒಂದು ಕಡೆ ನೀನು, ಒಂದು ಕಡೆ ಅದು.

ಅಂಚೆ ಗಾಡಿ ಬರುವ ಹೊತ್ತಾಯಿತು. ನಿನ್ನ ಉತ್ತರ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಅಂತ ಗೊತ್ತು. ಆದರೂ ನಿನಗಲ್ಲದೆ ಇನ್ಯಾರಿಗೆ ಬರೆಯಲಿ?

ಲೆಂಪಿ


೭ ಮಾರ್ಚ್, ಮಂಗಳವಾರ

ಅಣ್ಣಾ,

ಬದುಕಿದ! ಹೋದ! ಕುಂಟುತ್ತಾ ಹೋದ, ಆದರೆ ತನ್ನ ಕಾಲ ಮೇಲೇ ಹೋದ.

ಉರ್ಹೊ ಬೇಗ ಬಂದ. ನನ್ನ ಮುಖ ನೋಡಿ ಏನೂ ಕೇಳದೆ ಹಿಂದೆಯೇ ನಡೆದ. ಬಲೆ ನೋಡಿ, "ಇದಾ ನಿನ್ನ ಸೌದೆ?" ಅಂದ. ಅಷ್ಟೇ ಬೈಗುಳ. ಆಮೇಲೆ ಕೋಟು ಬಿಚ್ಚಿ ಜಿಂಕೆಯ ತಲೆ ಮೇಲೆ ಹಾಕಿದ. ಕಣ್ಣು ಮುಚ್ಚಿದ ತಕ್ಷಣ ಅದು ಒದೆಯುವುದನ್ನು ನಿಲ್ಲಿಸಿತು. ಉರ್ಹೊ ಅದರ ಕತ್ತು ತಬ್ಬಿಕೊಂಡು ಮೈಮೇಲೆ ಒರಗಿದ. "ನೀನು ಕತ್ತರಿಸ್ತಾ ಹೋಗು, ನಾನು ಇವನ ಹತ್ರ ಮಾತಾಡ್ತಿರ್ತೀನಿ" ಅಂದ. ಮಾತಾಡಿಯೂ ಆಡಿದ ಅಣ್ಣಾ! "ಸುಮ್ನಿರು ಮಗಾ, ಆಯ್ತು, ಇನ್ನೊಂದೇ ಇನ್ನೊಂದು, ನೀನು ಜಾಣ ಅಲ್ವಾ" ಅಂತ. ಮೂವತ್ತು ವರ್ಷ ಅವನು ಆಡದೆ ಇಟ್ಟುಕೊಂಡಿದ್ದ ಮಾತೆಲ್ಲ ಆ ಜಿಂಕೆಯ ಕಿವಿಗೆ ಹೋಯಿತು.

ನಾನು ಇಕ್ಕಳದಲ್ಲಿ ಒಂದೊಂದೇ ಕತ್ತರಿಸುತ್ತಾ ಹೋದೆ. ಒಂದು ತಂತಿ ತಪ್ಪಿ ಎಡಗೊಂಬಿನ ಒಂದು ಕವಲು ಮುರಿಯಿತು, ರಕ್ತ ಚಿಮ್ಮಿತು. ಮನೆಗೆ ಓಡಿ ಅಪ್ಪನ ಪೈನ್ ಕೀಲೆಣ್ಣೆಯ ಡಬ್ಬಿ ತಂದು ದಪ್ಪವಾಗಿ ಮೆತ್ತಿದೆ. ಹಸುವಿಗೂ ಕುದುರೆಗೂ ನಮ್ಮ ಮೊಣಕಾಲಿಗೂ ಅಮ್ಮ ಅದನ್ನೇ ಮೆತ್ತುತ್ತಿದ್ದದ್ದು. ರಕ್ತ ನಿಂತಿತು. ಕೋಟು ತೆಗೆದಾಗ ದೊಡ್ಡವನು ಒಮ್ಮೆ ತಲೆ ಕೊಡವಿದ. ಆಮೇಲೆ ನಡೆದ.

ತಂತಿಯನ್ನೆಲ್ಲ ಸುತ್ತಿ ಉರ್ಹೊ ತೆಗೆದುಕೊಂಡು ಹೋದ. ಎಲ್ಲಿ ಹಾಕಿದೆ ಅಂದರೆ, "ಯಾವ ತಂತಿ?" ಅಂದ. ಈಗ ಹಿಮ ಬೀಳುತ್ತಿದೆ, ಹೆಜ್ಜೆ ಗುರುತೂ ಉಳಿಯುವುದಿಲ್ಲ. ಮೊದಲಿನ ಮೂರನ್ನೂ ಹಾಕಿಕೊಂಡು ಇದ್ದದ್ದರಲ್ಲೇ ಸಹಿ ಮಾಡು ಎಂದು ಗುನ್ನಾರನ ಮುಂದೆ ಕೂತು ಅತ್ತೆ, ಮಾಡಿದ. ಯಾರಿಗೂ ಏನೂ ಗೊತ್ತಿಲ್ಲ. ಇನ್ನು ನೀನು ನೆಮ್ಮದಿಯಾಗಿ ನಿದ್ದೆ ಮಾಡು.

ಲೆಂಪಿ


೯ ಮಾರ್ಚ್, ಗುರುವಾರ

ಲೆಂಪಿ,

ನಿನ್ನ ಸೋಮವಾರದ ಕಾಗದ ಈಗ ಬಂತು. ಮೂರು ದಿನವಾಗಿದೆ. ಅದು ಇನ್ನೂ ಅಲ್ಲೇ ನೇತಾಡುತ್ತಿದೆ ಅಂತಲೇ ಕಣ್ಣಿಗೆ ಕಟ್ಟುತ್ತಿದೆ.

ಜೈಲಿನ ಪಾದ್ರಿಯ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ಬಲೆ ನನ್ನದು, ಉಪಾಯ ನನ್ನದು, ತಂಗಿ ನಾನು ಹೇಳಿದ್ದನ್ನಷ್ಟೇ ಮಾಡಿದಳು, ತಂತಿಯಲ್ಲಿ ಕಟ್ಟು ಅಂದವನೂ ನಾನೇ ಅಂದೆ. ಕೂಡಲೇ ಪೆಲ್ಕಿಗೆ ತಿಳಿಸಿ, ಮತ್ತಿನ ಕೋವಿ ತೆಗೆದುಕೊಂಡು ಹೋಗಲಿ ಅಂತ ಕೈ ಮುಗಿದೆ. ಪಾದ್ರಿ ಫೋನ್ ಮಾಡುತ್ತೇನೆಂದು ಮಾತು ಕೊಟ್ಟಿದ್ದಾರೆ. "ಇದರಿಂದ ನಿನ್ನ ವಿಚಾರಣೆ ಏನಾಗುತ್ತೆ ಅಂತ ಗೊತ್ತೇನಪ್ಪಾ?" ಅಂದರು. ಗೊತ್ತು ಅಂದೆ.

ನಾನು ಎಷ್ಟೋ ಜಿಂಕೆ ಕೊಂದಿದ್ದೇನೆ. ಒಂದನ್ನೂ ಹೀಗೆ ಸಾಯಿಸಿಲ್ಲ. ಇನ್ನೆರಡು ವರ್ಷ ತಾನೇ, ಇರುತ್ತೇನೆ. ಪೆಲ್ಕಿ ಬಂದರೆ ಬಾಗಿಲು ತೆಗೆ. ಏನನ್ನೂ ಮುಚ್ಚಿಡಬೇಡ. ನನಗೆ ಹೆದರಿಕೆಯಾಗಿಲ್ಲ, ವಿಚಿತ್ರವಾಗಿ ಹಗುರಾಗಿದೆ.

ರೇನೊ


೧೨ ಮಾರ್ಚ್, ಭಾನುವಾರ

ರೇನೊ,

ಯಾರು ಹೇಳಿದ್ದು ನಿನಗೆ ಬಾಯಿ ಬಿಡು ಅಂತ? ನಲವತ್ತಾರು ವರ್ಷ ಒಂದು ನಿಜ ಆಡದ ಬಾಯಿ ಇದೇ ವಾರ ತೆರೆಯಬೇಕಾಗಿತ್ತಾ?

ಪೆಲ್ಕಿ ಮೊನ್ನೆ ಶುಕ್ರವಾರ ಬೆಳಗ್ಗೆಯೇ ಬಂದ, ಕೋವಿಯ ಪೆಟ್ಟಿಗೆ ಹಿಡಿದುಕೊಂಡು. ಬಾಗಿಲಲ್ಲೇ, "ಎಲ್ಲಿದೆ ಜಿಂಕೆ? ಬೇಗ ತೋರಿಸಿ" ಅಂದ. ನಿನ್ನ ಗುರುವಾರದ ಕಾಗದ ಇನ್ನೂ ಬಂದಿರಲಿಲ್ಲ. "ಯಾವ ಜಿಂಕೆ?" ಅಂದೆ. ನೀನು ಪಾದ್ರಿಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ. ಒಲೆಯ ಕಡೆ ತಿರುಗಿ ಕಾಫಿ ಇಟ್ಟೆ, ಮುಖ ಕಾಣದಿರಲಿ ಅಂತ.

ಜೌಗಿನ ತನಕ ಹೋಗಿ ಬಂದ. ಹೊಸ ಹಿಮ ಮೊಣಕಾಲುದ್ದ. "ಎರಡು ಮರದ ತೊಗಟೆ ಸವೆದಿದೆಯಲ್ಲ?" ಅಂದ. "ಹಸಿದ ಜಿಂಕೆ ಇನ್ನೇನು ತಿನ್ನುತ್ತೆ?" ಅಂದೆ. ಕೂತು ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ಅದ್ದಿ ನಿಧಾನವಾಗಿ ತಿಂದ. ಆ ದವಡೆಗೆ ಗಟ್ಟಿಯಾದದ್ದು ಆಗುವುದಿಲ್ಲ.

"ಹಾಗಾದ್ರೆ ನಿಮ್ಮಣ್ಣ ಹೇಳಿದ್ದೆಲ್ಲ ಸುಳ್ಳಾ?" ಅಂದ.

"ಅವನು ಯಾವತ್ತು ನಿಜ ಹೇಳಿದ್ದ ಹೇಳಿ? ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಅಂದೆ.

ಪೆಲ್ಕಿ ನಕ್ಕ, ನಗುವುದಕ್ಕೂ ದವಡೆ ಹಿಡಿದುಕೊಂಡ. ಆಮೇಲೆ ನಗು ನಿಲ್ಲಿಸಿ, "ಒಂದು ಮಾತು ಹೇಳ್ತೀನಿ ಕೇಳಿ. ಪಾದ್ರಿ ಫೋನ್ ಮಾಡಿದಾಗ ನಾನು ನಂಬಿಬಿಟ್ಟೆ. ಒಂದು ಪ್ರಾಣಿಗೋಸ್ಕರ ರೇನೊ ತನ್ನ ಬಿಡುಗಡೇನೇ ಬಿಟ್ಟ ಅಂತ. ದಾರಿಯುದ್ದಕ್ಕೂ ಅದನ್ನೇ ಯೋಚಿಸ್ತಾ ಬಂದೆ. ಮಂಡಳಿಯವರಿಗೆ ನಾನೇ ಅವನ ಪರವಾಗಿ ಎರಡು ಮಾತು ಬರೀಬೇಕು ಅಂತಿದ್ದೆ" ಅಂದ.

ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಬರೀಬೇಕು ಅಂದವನು ಬರೆದೇ ಬರೆಯುತ್ತಾನೆ ಅಂತ ಏನು ಗ್ಯಾರಂಟಿ? ಗಾರ್ಡ್ ಗಾರ್ಡೇ. ಬಲೆಯೂ ಇರಲಿಲ್ಲ, ಜಿಂಕೆಯೂ ಇರಲಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಟ್ಟೆ. ಅವನು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದ. ಹೋಗುವಾಗ ಟೋಪಿ ಹಾಕಿಕೊಳ್ಳಲೂ ಮರೆತಿದ್ದ, ಹಿಂದೆ ಓಡಿ ಕೊಟ್ಟು ಬಂದೆ.

ನೀನೂ ಮಂಡಳಿಯ ಮುಂದೆ ಅದನ್ನೇ ಹೇಳು. ಅದೆಲ್ಲ ಕಟ್ಟುಕತೆ ಅನ್ನು. ಮುಗಿಯಿತು.

ಲೆಂಪಿ


೧೭ ಮಾರ್ಚ್

ಲೆಂಪಿ,

ಜಿಂಕೆ ಬದುಕಿದ್ದು ಓದಿದೆ. ಪೆಲ್ಕಿ ಬಂದದ್ದೂ ಓದಿದೆ. ಉರ್ಹೊಗೆ ನನ್ನ ನಮಸ್ಕಾರ ಹೇಳು.

ಮಿಕ್ಕಿದ್ದಕ್ಕೆ ಏನು ಬರೆಯಬೇಕೋ ತಿಳಿಯುತ್ತಿಲ್ಲ.

ರೇನೊ


೨ ಏಪ್ರಿಲ್, ಭಾನುವಾರ

ಅಣ್ಣಾ,

ಎರಡು ವಾರವಾಯಿತು, ಒಂದಕ್ಷರ ಇಲ್ಲ. ನಾನು ಬರೆದ ಮೂರು ಕಾಗದಕ್ಕೂ ಉತ್ತರವಿಲ್ಲ. ಅಂಚೆ ಗಾಡಿಯವನಿಗೂ ನನ್ನ ಮುಖ ನೋಡಲು ಸಂಕೋಚ, ದೂರದಿಂದಲೇ ಇಲ್ಲ ಎಂದು ಕೈಯಾಡಿಸಿ ಹೋಗುತ್ತಾನೆ.

ನಾನು ನಿನ್ನ ಮರ್ಯಾದೆ ಕಳೆದೆ ಅಂತ ಸಿಟ್ಟು. ನನಗೂ ಗೊತ್ತು. ನಿನಗೆ ಒಂದು ಸಲ ಬಂದ ಒಳ್ಳೆಯ ಹೆಸರನ್ನು ನನ್ನ ಕೈಯಾರೆ ಒಲೆಗೆ ಹಾಕಿದೆ. ಆದರೆ ಅಣ್ಣಾ, ನನಗೆ ಒಳ್ಳೆಯ ಹೆಸರಿನ ಅಣ್ಣ ಬೇಡ. ಮನೆಗೆ ಬರುವ ಅಣ್ಣ ಬೇಕು. ಅಮ್ಮ ಸತ್ತಾಗ ನೀನು ಕಂಬಿ ಹಿಂದಿದ್ದೆ. ಮಣ್ಣಿಗೆ ನಾನೊಬ್ಬಳೇ ನಿಂತೆ. ಇನ್ನು ಒಬ್ಬಳೇ ನಿಲ್ಲಲಾರೆ.

ಇನ್ನೊಂದು ಮಾತು. ಹೇಳಬಾರದು ಅಂತಿದ್ದೆ. ಪೆಲ್ಕಿಗೆ ಕೊಟ್ಟ ಹಾಳೆಯಲ್ಲಿ ನನ್ನ ಸಹಿ ಇದೆ. ನೀನು ಅಲ್ಲಿ ನಿಜ ಹೇಳಿದರೆ ನಾನು ಅಧಿಕಾರಿಗೆ ಸುಳ್ಳು ಬರೆದುಕೊಟ್ಟವಳಾಗುತ್ತೇನೆ. ಶಾಲೆಯವರು ಅಂಥವಳನ್ನು ಮಕ್ಕಳ ಅಡುಗೆಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೆದರಿಸುತ್ತಿಲ್ಲ, ಇರುವುದನ್ನು ಹೇಳಿದೆ. ನಿನಗೆ ಹೇಗೆ ತೋರುತ್ತದೋ ಹಾಗೆ ಮಾಡು.

ಲೆಂಪಿ


೧೧ ಏಪ್ರಿಲ್, ಮಂಗಳವಾರ

ತಂಗಿ,

ಬಿಡುಗಡೆಯಾಯಿತು. ಇಪ್ಪತ್ತನೇ ತಾರೀಖು ಗುರುವಾರ ಬರುತ್ತೇನೆ.

ಹೇಗಾಯಿತು ಅಂತ ನಿನಗೆ ಹೇಳಬೇಕು. ಮೂವರು ಕೂತಿದ್ದರು. ಗುನ್ನಾರನ ಕಾಗದ ಓದಿದರು, ತಲೆಯಾಡಿಸಿದರು. ನಡುವೆ ಕೂತಿದ್ದ ಹೆಂಗಸು ನಿನ್ನ ಹಾಳೆಯನ್ನು ತೆಗೆದಳು. ನಿನ್ನ ಅಕ್ಷರ ದೂರದಿಂದಲೇ ಗುರುತು ಸಿಕ್ಕಿತು. "ಪಾದ್ರಿಗೆ ನೀವು ಹೀಗೆ ಹೇಳಿದ್ದೀರಿ, ನಿಮ್ಮ ತಂಗಿ ಹೀಗೆ ಬರೆದಿದ್ದಾರೆ. ಯಾವುದು ನಿಜ?" ಅಂದಳು.

ರಾತ್ರಿಯೆಲ್ಲ ನಿಜ ಹೇಳುತ್ತೇನೆ ಎಂದೇ ಅಂದುಕೊಂಡು ಹೋಗಿದ್ದೆ. ನಿನ್ನ ಕಾಗದ ಓದಿದ ಮೇಲೂ ಹಾಗೆಯೇ ಅಂದುಕೊಂಡಿದ್ದೆ, ಅಷ್ಟು ಸಿಟ್ಟಿತ್ತು ನಿನ್ನ ಮೇಲೆ. ಬಾಯಿ ತೆರೆದೆ. ಆಗ ಒದ್ದೆ ಕೊಂಬು ಅಂಗಿಯೊಳಗೆ ಅವುಚಿಕೊಂಡು ಹಿಮದಲ್ಲಿ ನಡೆದು ಬರುವ ನೀನು ಕಂಡೆ. "ನಾನು ಹೇಳಿದ್ದು ಕಟ್ಟುಕತೆ" ಅಂದೆ.

"ಯಾಕೆ ಕಟ್ಟಿದಿರಿ?" ಅಂದಳು. ನಾನು ಪಾದ್ರಿಯ ಕಡೆ ತಿರುಗಿ ನೋಡಿದೆ. ಪಾದ್ರಿ ಪಾಪ ಎದ್ದು ನಿಂತು, ವಿಚಾರಣೆ ಹತ್ತಿರ ಬಂದಾಗ ಎಷ್ಟೋ ಕೈದಿಗಳಿಗೆ ಹೊರಗೆ ಹೋಗಲು ಭಯವಾಗುತ್ತದೆ, ಇಲ್ಲದ ತಪ್ಪು ಮೈಮೇಲೆ ಎಳೆದುಕೊಳ್ಳುತ್ತಾರೆ ಎಂದು ನನ್ನ ಪರವಾಗಿ ಹೇಳಿದರು. ಮೂವರಿಗೂ ಕರುಣೆ ಬಂತು. ಹೊರಡುವಾಗ ಆ ಹೆಂಗಸು ಎದ್ದು ಬಂದು ನನ್ನ ತೋಳು ಮುಟ್ಟಿ, "ಹೆದರ್ಕೋಬೇಡಿ. ಹೊರಗಿನವರು ಅಷ್ಟೇನೂ ಕೆಟ್ಟವರಲ್ಲ" ಅಂದಳು. ನಾನು ಅತ್ತೆ. ಭಯಕ್ಕೆ ಅಳುತ್ತಿದ್ದೇನೆ ಎಂದುಕೊಂಡಳು.

ನಿನ್ನ ಮೇಲೆ ಈಗ ಸಿಟ್ಟಿಲ್ಲ. ನಿಮ್ಮಣ್ಣ ಸುಳ್ಳನೇ ಅಂತ ಪೆಲ್ಕಿ ಕೇಳಿದಾಗ ನೀನು ಹೌದು ಅಂದೆ. ನೀನು ಹಾಗೆ ಅಂದ ದಿನ ಅದು ನಿಜವಾಗಿರಲಿಲ್ಲ ಲೆಂಪಿ. ಇವತ್ತು ನಾನೇ ಅದನ್ನು ನಿಜ ಮಾಡಿದೆ. ನಿನ್ನ ಮಾತು ಉಳಿಸಿದ್ದೇನೆ.

ಬಸ್ ನಿಲ್ದಾಣಕ್ಕೆ ಉರ್ಹೊನ ಗಾಡಿ ಕೇಳಿ ತೆಗೆದುಕೊಂಡು ಬಾ. ಸೌನಾಗೆ ಬೆಂಕಿ ಹಾಕಿಟ್ಟಿರು. ಬಸ್ಸು ಪೆಲ್ಕಿಯ ಮನೆ ಮುಂದೆಯೇ ಹಾದು ಬರುತ್ತದೆ. ಅಲ್ಲಿಳಿದು ಅವನ ಕೈ ಹಿಡಿದು, ದವಡೆಯ ವಿಚಾರಕ್ಕೆ ಕ್ಷಮೆ ಕೇಳಿ ಆಮೇಲೆ ಮನೆಗೆ ಬರುವುದು ಅಂತ ಮಾರ್ಚಿನಲ್ಲಿ ನಿಶ್ಚಯ ಮಾಡಿದ್ದೆ. ಈಗ ಅಲ್ಲಿ ಇಳಿಯುವುದಿಲ್ಲ. ಆ ಮನೆ ಬಂದಾಗ ಇನ್ನೊಂದು ಬದಿಯ ಕಿಟಕಿ ನೋಡುತ್ತಾ ಕೂರುತ್ತೇನೆ.

ನಿನ್ನ ಅಣ್ಣ,
ರೇನೊ